ಬಾಗಿಲು ಮೇಲಕ್ಕಿದ್ದ ಊರು: ಸ್ಯಾಂ ವೆರಾಂನಲ್ಲಿ ಐದು ದಿನ

ಕರ್ನಾಟಕದ ನೆತ್ತಿ ಮುಳ್ಳಯ್ಯನಗಿರಿ. ಎತ್ತರ ಸುಮಾರು 1930 ಮೀಟರ್. ಫ್ರಾನ್ಸಿನ ಸ್ಯಾಂ ವೆರಾಂನಲ್ಲಿ ಚರ್ಚಿನ ಹೊಸ್ತಿಲೇ 2040 ಮೀಟರಿನಲ್ಲಿದೆ. ನಾವು ಹತ್ತಿ, ಗಾಳಿ ಕುಡಿದು, ಇಳಿದುಬಿಡುವ ಎತ್ತರಕ್ಕೂ ಮೇಲೆ ಇಲ್ಲಿನವರು ನೂರಾರು ವರ್ಷ ಧಾನ್ಯ ಬೆಳೆದಿದ್ದಾರೆ, ದನ ಕಟ್ಟಿದ್ದಾರೆ, ಕೋರ್ಟು ಕಚೇರಿಯ ಕಾಗದ ಬರೆದಿದ್ದಾರೆ. ಯೂರೋಪಿನಲ್ಲೇ ಅತಿ ಎತ್ತರದ ಊರು ಎಂಬ ಮಾತು ಅಲ್ಲಲ್ಲಿ ಕಿವಿಗೆ ಬೀಳುತ್ತದೆ. ಅದನ್ನು ಪೂರ್ತಿ ನಂಬಬೇಕಿಲ್ಲ. ಸ್ವಿಟ್ಜರ್ಲೆಂಡಿನ ಯೂಫ್ ಎಂಬ ಕೇರಿ 2126 ಮೀಟರಿನಲ್ಲಿದೆ. ಫ್ರಾನ್ಸಿನೊಳಗೆ, ತನ್ನದೇ ಪುರಸಭೆ ಇರುವ ಊರುಗಳಲ್ಲಿ ಇದೇ ಮೇಲಿನದು ಎಂದರೆ ಸಾಕು. ಈಗಿನ ಜನಸಂಖ್ಯೆ ಇನ್ನೂರರ ಆಸುಪಾಸು.

ಊರು ಇರುವುದು ಆಗ್ನೇಯ ಫ್ರಾನ್ಸಿನ ಓತ್ ಆಲ್ಪ್ ಜಿಲ್ಲೆಯ ಕೆರಾ ಸೀಮೆಯಲ್ಲಿ, ಇಟಲಿಯ ಗಡಿಗೆ ಒತ್ತಿಕೊಂಡು. ನಕ್ಷೆ ನೋಡಿದರೆ ಇದು ದಾರಿ ಮುಗಿಯುವ ಮೂಲೆ. ಆದರೆ ಬಹುಕಾಲ ಊರಿನ ದೊಡ್ಡ ಬಾಗಿಲು ಕೆಳಗಿನ ಫ್ರಾನ್ಸಿನ ಕಡೆಗಿರಲಿಲ್ಲ. ಬೆಟ್ಟದ ಮೇಲೆ, ಇಟಲಿಯ ಕಡೆಗಿತ್ತು. ಇದೊಂದನ್ನು ನೆನಪಿಟ್ಟುಕೊಂಡು ಹೋದರೆ ಅಲ್ಲಿ ಕಾಣುವ ಮುಕ್ಕಾಲು ಪಾಲು ತಾನಾಗಿ ಅರ್ಥವಾಗುತ್ತದೆ.

ದಿನ 1: ರಾತ್ರಿ ರೈಲು, ಕೊರಕಲು, ಹತ್ತುದಾರಿ

ಬೆಂಗಳೂರಿನಿಂದ ಬರುವವರಿಗೆ ಪ್ಯಾರಿಸ್ ಸುಲಭ. ಶೆಂಗೆನ್ ವೀಸಾಗೆ ಕನಿಷ್ಠ 30,000 ಯೂರೊ ವೈದ್ಯಕೀಯ ವಿಮೆ ಬೇಕೇ ಬೇಕು. ಬೆಟ್ಟ ಹತ್ತುವವರು ಪರ್ವತದಿಂದ ರಕ್ಷಿಸಿ ತರುವ ಖರ್ಚೂ ಅದರಲ್ಲಿ ಸೇರಿದೆಯೇ ಎಂದು ಓದಿ ನೋಡಬೇಕು. ವಿಮಾನ ನಿಲ್ದಾಣದಿಂದ ಉಪನಗರ ರೈಲಿನ ಬಿ ಲೈನಿನಲ್ಲಿ ಗಾರ್ ದ್ಯು ನೋರ್, ಅಲ್ಲಿಂದ ಮೆಟ್ರೊ 5ರಲ್ಲಿ ಓಸ್ತರ್ಲಿಟ್ಸ್ ನಿಲ್ದಾಣ. ಬ್ರಿಯಾಂಸೋಂಗೆ ಹೋಗುವ ರಾತ್ರಿ ರೈಲು ಹೊರಡುವುದು ಅಲ್ಲಿಂದಲೇ. ಎರಡನೇ ದರ್ಜೆಯಲ್ಲಿ ಒಂದು ಕೋಣೆಗೆ ಆರು ಮಲಗುವ ಹಲಗೆ, ಮೊದಲ ದರ್ಜೆಯಲ್ಲಿ ನಾಲ್ಕು. ನಮ್ಮ ಸ್ಲೀಪರ್ ಬೋಗಿ ಕಂಡವರಿಗೆ ಹೊಸದೇನಿಲ್ಲ, ಹೊದಿಕೆ ಮಾತ್ರ ಅವರೇ ಕೊಡುತ್ತಾರೆ. ಹಳಿ ದುರಸ್ತಿಗೆಂದು ಈ ರೈಲು ಕೆಲವೊಮ್ಮೆ ವಾರಗಟ್ಟಲೆ ನಿಲ್ಲುವುದುಂಟು. ಟಿಕೆಟ್ ಸಿಗದಿದ್ದರೆ ಎಲ್ಲ ತುಂಬಿದೆ ಎಂದುಕೊಳ್ಳದೆ, ಆ ದಿನ ರೈಲೇ ಇದೆಯೇ ಎಂದು ಮೊದಲು ನೋಡಿ. ಆಗ ಮಾರ್ಸೇ ಕಡೆಯಿಂದ ಬರುವ ಹಗಲು ರೈಲೇ ಗತಿ.

ಬೆಳಗ್ಗೆ ಗಾಪ್ ದಾಟಿದ ಮೇಲೆ ಬಲಗಡೆಯ ಕಿಟಕಿ ಹಿಡಿಯಿರಿ. ದ್ಯುರಾಂಸ್ ನದಿಗೆ ಕಟ್ಟಿದ ಸೆರ್ ಪೋಂಸೋಂ ಜಲಾಶಯ ಕಾಣುತ್ತದೆ. ಹಳೆಯ ಸಾವೀನ್ ಊರು ಅದರಡಿ ಮುಳುಗಿದೆ. ದಡದ ಮೇಲಿರುವುದು ಹೊಸದಾಗಿ ಕಟ್ಟಿಕೊಟ್ಟ ಸಾವೀನ್. ಮುಳುಗಡೆಯ ಕಥೆ ಗೊತ್ತಿರುವ ನಮ್ಮ ಶರಾವತಿ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇಳಿಯಬೇಕಾದ ನಿಲ್ದಾಣ ಮೋಂ ದೋಫಾಂ ಗಿಯೆಸ್ತ್ರ್. ತಲೆಯೆತ್ತಿದರೆ ಎದುರಿನ ದಿಬ್ಬದ ಮೇಲೆ ಮೋಂ ದೋಫಾಂ ಕೋಟೆ. 1692ರಲ್ಲಿ ಬೆಟ್ಟದಾಚೆಯ ಸವಾಯ್ ಸಂಸ್ಥಾನದ ದೊರೆಯ ಸೈನ್ಯ ಬೆಟ್ಟ ದಾಟಿ ಬಂದು ಗಿಯೆಸ್ತ್ರ್, ಆಂಬ್ರೂಂ, ಗಾಪ್ ಊರುಗಳನ್ನು ಹಿಡಿದು ಹಾಳುಗೆಡವಿತು. ಮರುವರ್ಷವೇ 14ನೇ ಲೂಯಿಯ ಕೋಟೆಗಾರ ವೋಬಾಂ ಇಲ್ಲಿ ಕೆಲಸ ಶುರುಮಾಡಿದ. ವಿಚಿತ್ರವೆಂದರೆ 1713ರ ಒಪ್ಪಂದದಲ್ಲಿ ಪಕ್ಕದ ಉಬಾಯ್ ಕಣಿವೆ ಫ್ರಾನ್ಸಿಗೆ ಸೇರಿ ಗಡಿ ದೂರ ಸರಿಯಿತು, ಇಪ್ಪತ್ತೇ ವರ್ಷದಲ್ಲಿ ಕೋಟೆಯ ಕೆಲಸ ಅರ್ಧ ಕಡಿಮೆಯಾಯಿತು. 2008ರಿಂದ ಅದು ಯುನೆಸ್ಕೊ ಪಟ್ಟಿಯಲ್ಲಿದೆ. ಬಸ್ಸಿಗೆ ಸಮಯವಿದ್ದರೆ ನೋಡಬಹುದು. ಇಲ್ಲದಿದ್ದರೆ ಬಸ್ಸನ್ನೇ ಆರಿಸಿಕೊಳ್ಳಿ, ಏಕೆಂದರೆ ಕೆರಾ ಕಡೆಗೆ ಬಸ್ಸುಗಳು ಬೆರಳೆಣಿಕೆಯಷ್ಟು. ಮೊದಲೇ ಸೀಟು ಕಾದಿರಿಸದೆ ಭಾನುವಾರ ಇಳಿದರೆ ಟ್ಯಾಕ್ಸಿಗೆ ಕೈಬಿಟ್ಟು ಕೊಡಬೇಕಾಗುತ್ತದೆ. ನಗದು ಮತ್ತು ಔಷಧಿಯನ್ನು ಗಿಯೆಸ್ತ್ರ್‌ನಲ್ಲೇ ತೆಗೆದುಕೊಂಡರೆ ಮೇಲೆ ಪರದಾಟವಿಲ್ಲ.

ಗಿಯೆಸ್ತ್ರ್ ಬಿಟ್ಟ ಮೇಲೆ ರಸ್ತೆ ಗಿಲ್ ನದಿಯ ಕೊರಕಲಿಗೆ ಇಳಿಯುತ್ತದೆ. ಎರಡೂ ಕಡೆ ಬಂಡೆಗೋಡೆ, ನಡುವೆ ನದಿ, ನದಿಗೆ ಅಂಟಿಕೊಂಡು ಡಾಂಬರು. ಗಾಡಿ ಹೋಗುವ ರಸ್ತೆ ಇಲ್ಲಿ ಆದದ್ದು 19ನೇ ಶತಮಾನದಲ್ಲಿ. ಅದಕ್ಕೂ ಮುಂಚೆ ಹೇಸರಗತ್ತೆಯ ಕಾಲುದಾರಿ ಮಾತ್ರ. ಕಲ್ಲು ಉರುಳಿದರೆ ಅಥವಾ ಹಿಮ ಜಾರಿದರೆ ಅದೂ ಇಲ್ಲ. ಬೆಟ್ಟದ ಬಾಗಿಲೇ ವಾಸಿ ಎಂದು ಊರಿನವರಿಗೆ ಅನ್ನಿಸಿದ್ದೇಕೆ ಎಂಬುದು ಈ ಅರ್ಧ ಗಂಟೆಯ ಪ್ರಯಾಣದಲ್ಲೇ ತಿಳಿಯುತ್ತದೆ.

ರಸ್ತೆ ಆದ ಮೇಲೂ ಕೊರಕಲು ಸುಮ್ಮನಿರಲಿಲ್ಲ. 1957ರ ಜೂನ್ 13 ಮತ್ತು 14ರಂದು ಗಿಲ್ ಉಕ್ಕಿ ರಸ್ತೆ, ಸೇತುವೆ, ದಡದ ಮನೆಗಳನ್ನು ಕೊಚ್ಚಿಕೊಂಡು ಹೋಯಿತು. ಇಲ್ಲಿನ ಸಾಮಾನ್ಯ ಮಳೆ ಪಶ್ಚಿಮದಿಂದ ಬರುತ್ತದೆ. ನಡುವೆ ಎತ್ತರದ ಸಾಲುಗಳಿರುವುದರಿಂದ ಕೆರಾ ತಲುಪುವಾಗ ಮೋಡ ಬರಿದಾಗಿರುತ್ತದೆ, ಹಾಗಾಗಿ ಸೀಮೆಗೆ ಬಿಸಿಲಿನ ಹೆಸರು. ಆದರೆ ವರ್ಷಕ್ಕೆ ಕೆಲವು ಸಲ ಗಾಳಿ ತಿರುಗಿ ಇಟಲಿಯ ಪೋ ಬಯಲಿನ ತೇವವನ್ನು ಹೊತ್ತು ಪೂರ್ವದಿಂದ ಏರುತ್ತದೆ. ಲೊಂಬಾರ್ದ್ ಎಂದು ಅದರ ಹೆಸರು. ಆ ವರ್ಷ ಹಿಮ ತಡವಾಗಿ ಕರಗುತ್ತಿತ್ತು, ಅದರ ಮೇಲೆ ಬೆಚ್ಚಗಿನ ಮಳೆ ಬಿತ್ತು. ಎರಡು ನೀರೂ ಒಟ್ಟಿಗೆ ಇಳಿದವು. ಈಗಲೂ ಹವಾಮಾನ ವರದಿಯಲ್ಲಿ ಪೂರ್ವದ ಗಾಳಿ ಎಂದು ಕಂಡರೆ ಮರುದಿನದ ಚಾರಣವನ್ನು ಬದಲಿಸುವುದೇ ಜಾಣತನ.

ವೀಲ್ ವಿಯೇಯ್ ಬಳಿ ಬಲಕ್ಕೆ ತಿರುಗಿ, ಮೊಲೀನ್ ದಾಟಿ, ಬಸ್ಸು ಕೊನೆಗೆ ಸ್ಯಾಂ ವೆರಾಂ ಬಾಗಿಲಲ್ಲಿ ಬಿಡುತ್ತದೆ. ಸ್ವಂತ ಕಾರಾದರೆ ಊರಿನ ಹೊರಗೇ ನಿಲ್ಲಿಸಬೇಕು. ಒಂದೇ ಬೆಳಗ್ಗೆ ಸಾವಿರ ಮೀಟರ್ ಏರಿದ್ದೀರಿ: ನೀರು ಹೆಚ್ಚು ಕುಡಿದು, ಮೊದಲ ಸಂಜೆ ಬೇಗ ಮಲಗಿ. ಮಾಂಸ ತಿನ್ನದವರು ಊಟದ ಜೊತೆಗಿನ ವಸತಿ ಕಾದಿರಿಸುವಾಗಲೇ ಮಾಂಸ, ಮೀನು ಎರಡೂ ಬೇಡ ಎಂದು ಬಿಡಿಸಿ ಬರೆಯಬೇಕು. ಬರೇ ಸಸ್ಯಾಹಾರಿ ಎಂದರೆ ತಟ್ಟೆಗೆ ಮೀನು ಬರಬಹುದು, ಆಲೂಗಡ್ಡೆಯ ಪದಾರ್ಥದೊಳಗೆ ಹಂದಿಯ ಚೂರು ಸಿಗಬಹುದು.

ದಿನ 2: ಹುಲ್ಲಿಗಾಗಿ ಕಟ್ಟಿದ ಮನೆಗಳು

ಈ ದಿನ ಬೆಟ್ಟ ಹತ್ತಬೇಡಿ. ಊರನ್ನೇ ಓದಬೇಕು, ಅದಕ್ಕೆ ಒಂದಿಡೀ ದಿನ ಬೇಕು.

ಮೊದಲು ಎದುರಿನ ಇಳಿಜಾರು ನೋಡಿ. ಕೆಳಗೆ ಏಗ್ ಬ್ಲಾಂಶ್ ಹೊಳೆ. ಇಲ್ಲಿನ ಹಳೆಯ ಒಕ್ಸಿಟನ್ ನುಡಿಯಲ್ಲಿ ಏಗ್ ಎಂದರೆ ನೀರು, ಹೆಸರಿನರ್ಥ ಬಿಳಿನೀರು. ಹೊಳೆಯಾಚೆಯ ನೆರಳುಮಗ್ಗುಲು ಪೂರಾ ಕಾಡು, ಈಚೆಯ ಬಿಸಿಲುಮಗ್ಗುಲಿನಲ್ಲಿ ಊರು ಮತ್ತು ಹೊಲ. ಬಿಸಿಲಿನ ಮಗ್ಗುಲಿಗೆ ‘ಆದ್ರೆ’ ಎಂದೂ ನೆರಳಿನ ಮಗ್ಗುಲಿಗೆ ‘ಉಬಾಕ್’ ಎಂದೂ ಹೆಸರು. ಇಲ್ಲಿ ಜಮೀನಿನ ಬೆಲೆ ಕಟ್ಟುತ್ತಿದ್ದದ್ದು ಈ ಎರಡು ಪದಗಳ ಮೇಲೆ.

ಮನೆಗಳು ಸಾಲಾಗಿ, ಎಲ್ಲವೂ ದಕ್ಷಿಣದ ಕಡೆಗೆ ಮುಖ ಮಾಡಿವೆ. ಕೆಳಗಿನ ಅಂತಸ್ತು ದಪ್ಪ ಕಲ್ಲಿನ ಗೋಡೆ. ಅದರ ಮೇಲೆ ಎರಡು ಮೂರು ಅಂತಸ್ತಿನಷ್ಟು ಎತ್ತರಕ್ಕೆ ಮರದ ದಿಮ್ಮಿಗಳನ್ನು ಅಡ್ಡಡ್ಡ ಪೇರಿಸಿ ಕಟ್ಟಿದ ಅಟ್ಟ. ಮೂಲೆಯಲ್ಲಿ ಪ್ರತಿ ದಿಮ್ಮಿಗೂ ಅರ್ಧ ದಪ್ಪದ ಕಚ್ಚು ಕಡಿದು, ಒಂದರೊಳಗೊಂದು ಕೂರಿಸಿರುತ್ತಾರೆ. ಈ ಅಟ್ಟಕ್ಕೆ ಫ್ಯುಸ್ತ್ ಎಂದು ಹೆಸರು. ಮರ ಲಾರ್ಚ್: ಸೂಚಿಪರ್ಣಿಯಾದರೂ ಚಳಿಗಾಲಕ್ಕೆ ಎಲೆ ಉದುರಿಸುವ ಜಾತಿ, ರಾಳ ತುಂಬಿರುವುದರಿಂದ ಬೇಗ ಕೊಳೆಯದು. ಬಿಸಿಲಿಗೆ ಸುಟ್ಟು ಹೊರಮೈ ಕಾಫಿಪುಡಿಯ ಬಣ್ಣಕ್ಕೆ ತಿರುಗುತ್ತದೆ. ಅದನ್ನು ಬಣ್ಣ ಬಳಿದದ್ದು ಎಂದುಕೊಳ್ಳುವವರೇ ಹೆಚ್ಚು.

ಮನೆಯ ಮೇಲೆ ಇಷ್ಟು ದೊಡ್ಡ ಅಟ್ಟ ಏಕೆ? ಲೆಕ್ಕ ಸರಳ. ದನಗಳನ್ನು ಮೇಯಲು ಬಿಡಲಾಗುವುದು ವರ್ಷಕ್ಕೆ ನಾಲ್ಕೈದು ತಿಂಗಳು. ಉಳಿದ ಏಳೆಂಟು ತಿಂಗಳು ಕೊಟ್ಟಿಗೆಯಲ್ಲೇ ಕಟ್ಟಿ ಹಾಕಬೇಕು, ಅಷ್ಟೂ ದಿನದ ಒಣಹುಲ್ಲು ಒಳಗಿರಬೇಕು. ಹಾಗಾಗಿ ಮನೆಯಲ್ಲಿ ಮನುಷ್ಯರ ಪಾಲು ಚಿಕ್ಕದು, ಹುಲ್ಲಿನ ಪಾಲು ದೊಡ್ಡದು. ದಿಮ್ಮಿಗಳ ಸಂದಿನಲ್ಲಿ ಗಾಳಿಯಾಡುವುದರಿಂದ ಹುಲ್ಲು ಬೂಸ್ಟು ಹಿಡಿಯದು; ಕಲ್ಲಿನ ಗೋಡೆಯಾಗಿದ್ದರೆ ಹಿಡಿಯುತ್ತಿತ್ತು. ಮೇಲೆ ತುಂಬಿದ ಹುಲ್ಲು ಕೆಳಗಿನ ಕೋಣೆಗೆ ಹೊದಿಕೆ. ಕೆಳಗೆ ಜನ ಮತ್ತು ದನ ಒಂದೇ ಕೋಣೆಯಲ್ಲಿ, ದನದ ಮೈಶಾಖವೇ ಒಲೆ. ಈ ಒಟ್ಟು ವಾಸ 20ನೇ ಶತಮಾನದ ನಡುವಿನವರೆಗೂ ನಡೆದಿತ್ತು. ಮಲೆನಾಡಿನ ಹಳೆಯ ಮನೆಗಳ ಕೊಟ್ಟಿಗೆ ಬಲ್ಲವರೂ ಇಲ್ಲಿ ಒಂದು ಗಳಿಗೆ ನಿಲ್ಲುತ್ತಾರೆ.

ಫ್ಯುಸ್ತ್‌ನ ಮುಂದೆ ಉದ್ದಕ್ಕೂ ಪಡಸಾಲೆಗಳಿವೆ. ಹೂಕುಂಡ ಇಡಲೆಂದು ಮಾಡಿದವಲ್ಲ. ಈ ಎತ್ತರದಲ್ಲಿ ರೈ, ಬಾರ್ಲಿ ಪೂರ್ತಿ ಮಾಗುವ ಮೊದಲೇ ಹಿಮ ಬಂದುಬಿಡುತ್ತದೆ. ಅರೆಹಸಿರು ತೆನೆಯನ್ನೇ ಕೊಯ್ದು, ಈ ಪಡಸಾಲೆಗಳಲ್ಲಿ ಹರಡಿ, ಬಿಸಿಲಿಗೆ ಮಾಗಿಸುತ್ತಿದ್ದರು. ರೊಟ್ಟಿಯನ್ನು ಕೇರಿಯ ಒಲೆಯಲ್ಲಿ ಸರದಿಯ ಮೇಲೆ, ಒಮ್ಮೆಗೇ ತಿಂಗಳುಗಟ್ಟಲೆಗೆ ಆಗುವಷ್ಟು ಸುಡುತ್ತಿದ್ದರು, ಏಕೆಂದರೆ ಒಲೆ ಕಾಯಿಸುವ ಸೌದೆ ದುಬಾರಿ. ಗಟ್ಟಿಯಾದ ರೊಟ್ಟಿಯನ್ನು ಹಲಗೆಗೆ ಬಿಗಿದ ಕತ್ತಿಯಿಂದ ಕತ್ತರಿಸಿ ಸಾರಿನಲ್ಲಿ ನೆನೆಸಿ ತಿನ್ನಬೇಕಿತ್ತು. ದೇವರ ರೊಟ್ಟಿ ತಿನ್ನುವ ಅತಿ ಎತ್ತರದ ಊರು ಎಂಬ ಹಳೆಯ ಹೆಗ್ಗಳಿಕೆಯ ಹಿಂದಿರುವ ಕಷ್ಟ ಇದು.

ಮರ ಮತ್ತು ಒಣಹುಲ್ಲು. ಕಿಡಿಯೊಂದು ಬಿದ್ದರೆ ಊರೇ ಹೋಗುತ್ತದೆ. ಅದಕ್ಕೇ ಊರು ಒಂದು ಮುದ್ದೆಯಾಗಿಲ್ಲ, ಕೇರಿಗಳಾಗಿ ಒಡೆದಿದೆ: ವೀಲಾರ್, ಲಾ ವೀಲ್, ಪಿಯೆರ್ ಬೆಲ್, ಫೊರಾನ್, ಶಾತ್ಲೆ. ಕೇರಿ ಕೇರಿಯ ನಡುವೆ ಮನೆ ಕಟ್ಟದೆ ಬಿಟ್ಟ ಜಾಗ ಬೆಂಕಿ ದಾಟದಿರಲೆಂದು. ಕೇರಿಗಳಿಗೆ ತಮ್ಮ ತಮ್ಮ ಒಲೆ, ತಮ್ಮ ತಮ್ಮ ನೀರಿನ ತೊಟ್ಟಿ. ತೊಟ್ಟಿಯೂ ಲಾರ್ಚ್ ಮರದ್ದೇ. ನಡೆಯುತ್ತಾ ಹೋಗಿ, ಆ ಖಾಲಿ ಜಾಗಗಳನ್ನು ಎಣಿಸಿ. ಪ್ರವಾಸಿಗಳು ಅಲ್ಲಿ ನಿಂತು ದೂರದ ಬೆಟ್ಟದ ಫೋಟೊ ತೆಗೆಯುತ್ತಾರೆ, ನಿಂತ ನೆಲದ ಕಡೆ ನೋಡುವವರು ಕಡಿಮೆ. 1641ರಲ್ಲಿ ಕಟ್ಟಿದ ಸೂಮ್ ಎಂಬ ಮನೆ ಈಗ ವಸ್ತುಸಂಗ್ರಹಾಲಯ. ಟಿಕೆಟ್ ಕೊಟ್ಟು ಒಳಗಿನ ಕೊಟ್ಟಿಗೆ, ಅಟ್ಟ ಎಲ್ಲ ನೋಡಬಹುದು.

ನೆರಳು ಗಡಿಯಾರಗಳಿಗೆ ಮಧ್ಯಾಹ್ನ ಇಡಿ. ಗೋಡೆಗಳ ಮೇಲೆ ಬಣ್ಣದಲ್ಲಿ ಬರೆದವು, ಹಕ್ಕಿಗಳು, ಹೂದಾನಿಗಳು, ಒಂದು ಸಾಲು ನೀತಿವಾಕ್ಯ. ಇವುಗಳಲ್ಲಿ ಹೆಸರಾದವು ಇಟಲಿಯ ಪಿಯೆಮೊಂಟೆಯಿಂದ ಬಂದ ಝಾರ್ಬುಲಾ ಎಂಬ ಸಂಚಾರಿ ಚಿತ್ರಗಾರನವು, 19ನೇ ಶತಮಾನದವು. ಅವನೂ ಬಂದದ್ದು ಮೇಲಿನ ಬಾಗಿಲಿನಿಂದಲೇ. ಗಡಿಯಾರ ನೋಡಿ ಕೈಗಡಿಯಾರಕ್ಕೆ ಹೋಲಿಸಿದವರು ಅದು ತಪ್ಪು ತೋರಿಸುತ್ತದೆ ಎಂದು ನಗುತ್ತಾರೆ. ತಪ್ಪಿಲ್ಲ. ಊರಿನ ರೇಖಾಂಶ ಸುಮಾರು 6.87 ಡಿಗ್ರಿ ಪೂರ್ವ. ಡಿಗ್ರಿಗೆ ನಾಲ್ಕು ನಿಮಿಷದಂತೆ ಗ್ರೀನಿಚ್‌ಗಿಂತ 27 ನಿಮಿಷ ಮುಂದೆ. ಆದರೆ ಫ್ರಾನ್ಸಿನ ಬೇಸಿಗೆ ಗಡಿಯಾರ ಗ್ರೀನಿಚ್‌ಗಿಂತ ಎರಡು ಗಂಟೆ ಮುಂದೆ. ಹಾಗಾಗಿ ಗೋಡೆಯ ಮೇಲೆ ಹನ್ನೆರಡಾದಾಗ ಕೈಯಲ್ಲಿ 1 ಗಂಟೆ 32 ನಿಮಿಷ. ಜೂನ್ ನಡುವೆ ಮತ್ತು ಸೆಪ್ಟೆಂಬರ್ ಆರಂಭದಲ್ಲಿ ಇಷ್ಟೇ. ಜುಲೈ ಕೊನೆಗೆ ಇನ್ನೂ ಆರು ನಿಮಿಷ ಸೇರಿಸಬೇಕು, ಭೂಮಿ ಸೂರ್ಯನನ್ನು ಸುತ್ತುವ ವೇಗ ಒಂದೇ ಸಮನಲ್ಲದ್ದರಿಂದ, ಜೊತೆಗೆ ಅದರ ಅಕ್ಷ ವಾಲಿರುವುದರಿಂದ.

ಕತ್ತಲಾಗುವ ಮೊದಲು ಚರ್ಚು, ಮತ್ತು ಪ್ರಾಟೆಸ್ಟೆಂಟರ ಪ್ರಾರ್ಥನಾ ಮಂದಿರ. ಇಷ್ಟು ಚಿಕ್ಕ ಊರಿನಲ್ಲಿ ಎರಡು ಪಂಗಡ. 1685ರಲ್ಲಿ ದೊರೆ ಪ್ರಾಟೆಸ್ಟೆಂಟರಿಗೆ ಕೊಟ್ಟಿದ್ದ ಹಕ್ಕನ್ನು ಕಿತ್ತುಕೊಂಡಾಗ ಕೆರಾದ ಅನೇಕ ಮನೆತನಗಳು ಸ್ವಿಟ್ಜರ್ಲೆಂಡ್, ಜರ್ಮನಿಗಳಿಗೆ ಹೊರಟುಹೋದವು. ಉಳಿದವರು ಗುಟ್ಟಾಗಿ ನಂಬಿಕೆ ಉಳಿಸಿಕೊಂಡರು. ಊರಿನ ಹೆಸರು ಮಾತ್ರ ಕ್ಯಾಥೊಲಿಕ್ ಸಂತನದು. ಕಾವಯೋಂ ಊರಿನ ಬಿಷಪ್ ವೆರಾಂ ಒಂದು ಘಟಸರ್ಪವನ್ನು ಗಾಯಗೊಳಿಸಿದ, ಅದು ಹಾರುತ್ತಾ ಬರುವಾಗ ರಕ್ತದ ಹನಿ ಬಿದ್ದಲ್ಲೆಲ್ಲ ಗುರುತಾಯಿತು, ಕೊನೆಗೆ ಬಿದ್ದದ್ದು ಇಲ್ಲಿ ಎಂಬುದು ಐತಿಹ್ಯ. ಆ ಹನಿಗಳು ಪ್ರೊವಾಂಸ್ ಬಯಲಿನ ಕುರಿಮಂದೆಗಳು ಬೇಸಿಗೆಗೆ ಬೆಟ್ಟ ಏರುವಾಗ ತಂಗುತ್ತಿದ್ದ ತಾಣಗಳು ಎಂಬ ವಿವರಣೆಯೂ ಇದೆ. ಘಟಸರ್ಪಕ್ಕಿಂತ ಕುರಿ ನಂಬಲು ಸುಲಭ.

ದಿನ 3: ತಾಮ್ರ, ಕೊಳ, ಗಡಿಯ ನೆತ್ತಿ

ಏಳು ಗಂಟೆಗೆ ಹೊರಡಿ. ಊರಿನ ಮೇಲ್ತುದಿಯಿಂದ ಮಣ್ಣಿನ ದಾರಿ ಏಗ್ ಬ್ಲಾಂಶ್ ಜೊತೆಗೇ ಏರುತ್ತದೆ, ಸುಮಾರು ಎರಡು ಗಂಟೆಯ ನಡಿಗೆಗೆ ನೋತ್ರ್ ದಾಮ್ ದ ಕ್ಲೋಜಿ ಎಂಬ ಪ್ರಾರ್ಥನಾ ಮಂದಿರ, ಎತ್ತರ 2400 ಮೀಟರಿನ ಹತ್ತಿರ. ಜುಲೈ ಆಗಸ್ಟಿನಲ್ಲಿ ಈ ದಾರಿಗೆ ಹಗಲು ಖಾಸಗಿ ಕಾರು ಬಿಡುವುದಿಲ್ಲ, ಊರಿನಿಂದ ಬಾಡಿಗೆ ಮಿನಿಬಸ್ಸು ಓಡುತ್ತದೆ. ಮಂಡಿ ನೋವಿನವರು ಮೇಲಕ್ಕೆ ಬಸ್ಸು ಹಿಡಿಯುವುದಕ್ಕಿಂತ ವಾಪಸು ಬರುವಾಗ ಹಿಡಿಯುವುದು ಮೇಲು, ಇಳಿಜಾರೇ ಮಂಡಿ ಮುರಿಯುವುದು.

ದಾರಿಯಲ್ಲಿ ಹಸಿರು ಅಮೃತಶಿಲೆಯ ಹಳೆಯ ಗಣಿ ಸಿಗುತ್ತದೆ. ಆ ಹಸಿರು ಸಾಮಾನ್ಯದ್ದಲ್ಲ: ಆಲ್ಪ್ಸ್ ಏಳುವ ಮೊದಲು ಇಲ್ಲಿದ್ದ ಸಮುದ್ರದ ತಳದ ಕಲ್ಲು. ಸುತ್ತಲ ಹೊಳೆಯುವ ಪದರಗಲ್ಲು ಆ ಸಮುದ್ರದ ಕೆಸರು, ನಡುನಡುವೆ ಎದ್ದಿರುವ ಗಟ್ಟಿ ಹಸಿರು ಬಂಡೆ ಅದರ ತಳ. ಮುಂದೆ ಚೂಪಾಗಿ ನಿಂತ 3175 ಮೀಟರಿನ ತೆತ್ ದೆ ತ್ವಾಯಿ ಶಿಖರವೂ ಅದೇ ಜಾತಿ.

ಸಮುದ್ರತಳದ ಕಲ್ಲಿರುವಲ್ಲಿ ತಾಮ್ರ ಇರುವುದುಂಟು. ಕ್ಲೋಜಿಯ ಹತ್ತಿರ ಕಂಚಿನ ಯುಗದಲ್ಲೇ, ಅಂದರೆ ಸುಮಾರು ನಾಲ್ಕು ಸಾವಿರ ವರ್ಷದ ಹಿಂದೆ, ಅದನ್ನು ಅಗೆದಿದ್ದಾರೆ. ಅದಿರು ಬೋರ್ನೈಟ್; ಶುದ್ಧ ಖನಿಜದಲ್ಲಿ ನೂರಕ್ಕೆ 63 ಭಾಗ ತಾಮ್ರ. ಅಲ್ಲೇ ಕರಗಿಸಿದ್ದರ ಕಿಟ್ಟವೂ ಸಿಕ್ಕಿದೆ. 20ನೇ ಶತಮಾನದಲ್ಲಿ ಗಣಿಯನ್ನು ಮತ್ತೆ ತೆರೆದು, ಕೊನೆಗೆ ಕೈಬಿಟ್ಟರು. ಹಳೆಯ ಸುರಂಗಗಳೊಳಗೆ ಕಾಲಿಡಬೇಡಿ, ಮಾಡು ಕುಸಿಯುವ ಕಲ್ಲು.

ಪ್ರತಿ ಜುಲೈ 16ರಂದು ಕ್ಲೋಜಿಯಲ್ಲಿ ಜಾತ್ರೆ. ಫ್ರಾನ್ಸ್ ಕಡೆಯವರು ಕೆಳಗಿನಿಂದ ಏರಿ ಬಂದರೆ, ಇಟಲಿ ಕಡೆಯವರು ಗಡಿಯ ಸಾಲು ದಾಟಿ ಮೇಲಿನಿಂದ ಇಳಿದು ಬರುತ್ತಾರೆ. ಆ ಸಾಲನ್ನು ನೋಡಬೇಕಾದರೆ ಇನ್ನು ಒಂದೂವರೆ ಗಂಟೆ ಹತ್ತಿ ಕೊಲ್ ದ ಸ್ಯಾಂ ವೆರಾಂ ತಲುಪಬೇಕು, 2844 ಮೀಟರ್. ಕೊಲ್ ಎಂದರೆ ಎರಡು ಶಿಖರಗಳ ನಡುವಿನ ತಗ್ಗು, ದಾಟುದಾರಿ. ಆಚೆಗೆ ಕ್ಯಾನಾಲೆ ಊರಿನ ಕಣಿವೆ, ಹಿಂದೆ 3841 ಮೀಟರಿನ ವಿಸೊ ಪರ್ವತ. ಅಷ್ಟು ಹತ್ತಲಾಗದವರು ಕ್ಲೋಜಿಯಿಂದ ಮುಕ್ಕಾಲು ಗಂಟೆ ನಡೆದು 2499 ಮೀಟರಿನ ಲಾ ಬ್ಲಾಂಶ್ ಕೊಳದ ದಡದ ತಂಗುಮನೆಯಲ್ಲಿ ಕೂರಬಹುದು.

ಎರಡು ಎಚ್ಚರಿಕೆ. ಬೇಸಿಗೆಯಲ್ಲಿ ಮಧ್ಯಾಹ್ನ ಎರಡರ ಮೇಲೆ ಗುಡುಗು ಕಟ್ಟುತ್ತದೆ. ಹನ್ನೆರಡರೊಳಗೆ ನೆತ್ತಿ ಬಿಡಬೇಕು. ಇನ್ನೊಂದು, ಕುರಿಮಂದೆಯ ನಡುವೆ ಕುರಿಯಂತೆಯೇ ಬೆಳ್ಳಗಿರುವ ದೊಡ್ಡ ಕಾವಲು ನಾಯಿಗಳು, ಪಾತು ಎನ್ನುತ್ತಾರೆ. 1990ರ ದಶಕದಿಂದ ತೋಳ ಈ ಆಲ್ಪ್ಸ್‌ಗೆ ಮರಳಿದ ಮೇಲೆ ಇವು ಹೆಚ್ಚಿದವು. ಬೊಗಳುತ್ತಾ ಓಡಿ ಬಂದರೆ ನಿಂತುಬಿಡಿ, ಕೋಲು ಕೆಳಗಿಳಿಸಿ, ಕಣ್ಣಲ್ಲಿ ಕಣ್ಣಿಡದೆ ಮೆಲ್ಲನೆ ಮಾತಾಡಿ. ಅದು ಮೂಸಿ, ಲೆಕ್ಕ ಹಾಕಿ, ಹಿಂದಿರುಗುತ್ತದೆ. ಓಡಿದವರಿಗೇ ಕಚ್ಚು. ಮಂದೆಯನ್ನು ಸೀಳಿಕೊಂಡು ಹೋಗದೆ, ದೂರದಿಂದ ಬಳಸಿ ಹೋಗಿ.

ದಿನ 4: ಹಣ ಕೊಟ್ಟು ಕೊಂಡ ಸ್ವಾತಂತ್ರ್ಯ

ಕಾಲಿಗೆ ವಿಶ್ರಾಂತಿ. ಬಸ್ಸಿನಲ್ಲಿ ವೀಲ್ ವಿಯೇಯ್‌ಗೆ ಇಳಿಯುವಾಗ ಮೊಲೀನ್ ದಾಟಿದ ಮೇಲೆ ತಲೆಯ ಮೇಲೆ ಬಂಡೆ ಹೊತ್ತ ಮಣ್ಣಿನ ಕಂಬ ಕಾಣುತ್ತದೆ. ಬಂಡೆಯ ಕೊಡೆಯಡಿಯ ಮಣ್ಣು ಉಳಿದು, ಸುತ್ತಲಿನದು ಮಳೆಗೆ ಕರಗಿಹೋದದ್ದು.

ಶಾತೋ ಕೆರಾ ಊರಿನ ಕೋಟೆ ಕಣಿವೆಯ ನಟ್ಟನಡುವೆ, ಹಿಮನದಿ ಸವೆಸಲಾಗದೆ ಬಿಟ್ಟ ಬಂಡೆಯ ಮೇಲಿದೆ. 1692ರಲ್ಲಿ ಕೆಳಗಿನ ಪೇಟೆಗಳು ಬಿದ್ದರೂ ಇದು ಬೀಳಲಿಲ್ಲ.

ಈ ಸೀಮೆಯ ನಿಜವಾದ ಕೋಟೆ ಮಾತ್ರ ಕಾಗದದ್ದು. 1343ರ ಮೇ 29ರಂದು ದೋಫಿನೆ ಪ್ರಾಂತದ ಒಡೆಯ ಎರಡನೇ ಉಂಬೇರ್, ಸಾಲದಲ್ಲಿ ಮುಳುಗಿದ್ದವನು, ಬೆಟ್ಟದ ಊರುಗಳಿಗೆ ಸನದು ಬರೆದುಕೊಟ್ಟ. ಊರಿನವರು ಕೊಟ್ಟದ್ದು 12,000 ಚಿನ್ನದ ಫ್ಲೋರಿನ್, ಮೇಲೆ ವರ್ಷಕ್ಕೆ 4,000 ದುಕಾತ್. ಪಡೆದದ್ದು ತಮ್ಮ ಪ್ರತಿನಿಧಿಗಳನ್ನು ತಾವೇ ಆರಿಸುವ, ತೆರಿಗೆಯನ್ನು ತಾವೇ ಹಂಚಿಕೊಳ್ಳುವ ಹಕ್ಕು. ಹಾಗೆ ಹಂಚಿಕೊಳ್ಳುವ ಕೂಟಕ್ಕೆ ಎಸ್ಕಾರ್ತೋಂ ಎಂದು ಹೆಸರು. ಅಂಥವು ಐದು: ಬ್ರಿಯಾಂಸೋಂ, ಕೆರಾ, ಮತ್ತು ಈಗ ಇಟಲಿಯಲ್ಲಿರುವ ಊಲ್ಕ್ಸ್, ಕಿಸೋನೆ ಕಣಿವೆ, ಕಸ್ತೆಲ್‌ದೆಲ್ಫೀನೊ. ನಿನ್ನೆ ಕೊಲ್‌ನಿಂದ ಕಂಡ ಕ್ಯಾನಾಲೆ ಕೊನೆಯದಕ್ಕೆ ಸೇರಿತ್ತು. ಅಂದರೆ ಬೆಟ್ಟದ ಸಾಲು ಆಗ ಗಡಿಯಾಗಿರಲಿಲ್ಲ, ಎರಡು ಅಂಗಳದ ನಡುವಿನ ಒಂದು ದಿಣ್ಣೆ. 1713ರ ಉಟ್ರೆಕ್ಟ್ ಒಪ್ಪಂದ ನೀರು ಎತ್ತ ಹರಿಯುತ್ತದೋ ಅತ್ತಲಿನ ದೊರೆಗೆ ನೆಲ ಎಂದು ಗೆರೆ ಎಳೆಯಿತು. ಪೂರ್ವಕ್ಕೆ ಹರಿಯುವ ಮೂರು ಕೂಟಗಳು ಸವಾಯ್ ಪಾಲಾದವು. ಉಳಿದ ಎರಡರ ಹಕ್ಕು 1789ರ ಕ್ರಾಂತಿಯಲ್ಲಿ ಹೋಯಿತು.

ತೆರಿಗೆ ಲೆಕ್ಕ, ಒಪ್ಪಂದ, ತಕರಾರು ಎಲ್ಲ ತಾವೇ ಬರೆದುಕೊಳ್ಳಬೇಕಾದ್ದರಿಂದ ರೈತರೂ ಓದು ಕಲಿತರು. ಚಳಿಗಾಲದಲ್ಲಿ ಇಲ್ಲಿನ ಗಂಡಸರು ಕೆಳಗಿನ ಸಂತೆಗಳಲ್ಲಿ ಮೇಷ್ಟರ ಕೆಲಸ ಹುಡುಕುತ್ತಾ ನಿಲ್ಲುತ್ತಿದ್ದರು. ಟೋಪಿಯಲ್ಲಿ ಒಂದು ಗರಿ ಇದ್ದರೆ ಓದು ಬರಹ ಕಲಿಸಬಲ್ಲ, ಎರಡಿದ್ದರೆ ಲೆಕ್ಕವನ್ನೂ, ಮೂರಿದ್ದರೆ ಲ್ಯಾಟಿನ್ನನ್ನೂ.

ರಾತ್ರಿ ಮೋಡವಿಲ್ಲದಿದ್ದರೆ ಬೇಗ ಮಲಗಬೇಡಿ. ಊರಿನ ಮೇಲಿನ ಶಾತೋ ರೆನಾರ್ ಶಿಖರದ ಬಳಿ, 2930 ಮೀಟರಿನಲ್ಲಿ, ಪ್ಯಾರಿಸ್ ವೀಕ್ಷಣಾಲಯ 1974ರಲ್ಲಿ ಕಟ್ಟಿದ ಗುಮ್ಮಟವಿದೆ. ಈಗ ಅದನ್ನು ಹವ್ಯಾಸಿ ಖಗೋಳಾಸಕ್ತರು ನೋಡಿಕೊಳ್ಳುತ್ತಾರೆ. ಅಲ್ಲಿ ರಾತ್ರಿ ಕಳೆಯಲು ಮುಂಚೆಯೇ ಕಾದಿರಿಸಬೇಕು, ಆಗಸ್ಟಿನಲ್ಲೂ ದಪ್ಪ ಜಾಕೆಟ್ಟು ಬೇಕು.

ದಿನ 5: ಉಪ್ಪಿನ ಸುರಂಗ

ಕಾರು ಇದ್ದವರಿಗೆ, ಕಾಲು ಗಟ್ಟಿ ಇದ್ದವರಿಗೆ ಮಾತ್ರ. ಉಳಿದವರು ಬೆಳಗಿನ ಬಸ್ಸಿಗೆ ಇಳಿದು ರಾತ್ರಿ ರೈಲಿಗೆ ಮೊದಲು ಮೋಂ ದೋಫಾಂ ಕೋಟೆ ನೋಡಬಹುದು.

ರಿಸ್ತೊಲಾ ದಾಟಿ ರಸ್ತೆ ಮುಗಿಯುವ ರೋಶ್ ಎಕ್ರೂಲೆ ಎಂಬಲ್ಲಿ ಕಾರು ಬಿಟ್ಟು, ಗಿಲ್ ನದಿಯ ಹುಟ್ಟಿನ ಕಡೆಗೆ ನಡೆಯಬೇಕು. ಸುಮಾರು 1100 ಮೀಟರ್ ಏರು, ಹತ್ತಲು ನಾಲ್ಕು ಗಂಟೆ ಹಿಡಿಯುತ್ತದೆ. ಕೊಲ್ ದ ಲಾ ತ್ರಾವೆರ್ಸೆತ್‌ನ ನೆತ್ತಿಗಿಂತ ಸ್ವಲ್ಪ ಕೆಳಗೆ, ಬೆಟ್ಟದ ಎದೆಯಲ್ಲಿ ಒಂದು ಗುಂಡಿ. ಸಲುಝ್ಝೊ ಸಂಸ್ಥಾನದ ಒಡೆಯ ಎರಡನೇ ಲುದೊವಿಕೊ 15ನೇ ಶತಮಾನದ ಕೊನೆಗೆ, 1480ರ ಹೊತ್ತಿಗೆ, ಕೊರೆಸಿದ ಸುರಂಗ. ಉದ್ದ ಸುಮಾರು 75 ಮೀಟರ್. ಹೊರೆ ಹೊತ್ತ ಹೇಸರಗತ್ತೆಗಳು ಹಿಮದ ನೆತ್ತಿಯನ್ನು ಹತ್ತದೆ ದಾಟಲಿ ಎಂಬುದು ಯೋಜನೆ. ಪ್ರೊವಾಂಸ್‌ನ ಉಪ್ಪು ಆಚೆಗೆ ಹೋಗುತ್ತಿತ್ತು, ಈಚೆಗೆ ಬರುತ್ತಿದ್ದ ಸರಕಿನಲ್ಲಿ ಪಿಯೆಮೊಂಟೆಯ ಅಕ್ಕಿಯೂ ಇತ್ತು.

ಒಳಗೆ ಕತ್ತಲು, ತಲೆ ಬಗ್ಗಿಸಬೇಕಾದ ಜಾಗಗಳಿವೆ, ಬೇಸಿಗೆಯಲ್ಲೂ ನೆಲದಲ್ಲಿ ಮಂಜುಗಡ್ಡೆ ಇರುತ್ತದೆ. ತಲೆದೀಪ ಮತ್ತು ಹಲ್ಲಿರುವ ಅಡಿಯ ಬೂಟು ಕಡ್ಡಾಯ. ಜುಲೈ ಮಧ್ಯದವರೆಗೂ ಬಾಯಿಯಲ್ಲಿ ಹಿಮ ತುಂಬಿ ಮುಚ್ಚಿರಬಹುದು, ಕಲ್ಲು ಬಿದ್ದೂ ಮುಚ್ಚುತ್ತದೆ. ಹಿಂದಿನ ಸಂಜೆ ಈ ಕಣಿವೆಯ ತಂಗುಮನೆಗೆ ಫೋನ್ ಮಾಡಿ ಕೇಳಿ. ಆಚೆ ಬಾಯಿಯಲ್ಲಿ ನಿಂತರೆ ಪೋ ನದಿ ಹುಟ್ಟುವ ಕಣಿವೆ ಕಾಲಡಿಗಿದೆ. ಹತ್ತೂವರೆಯೊಳಗೆ ತಲುಪಿದವರಿಗೆ ಅದು ಕಾಣುತ್ತದೆ. ಆಮೇಲೆ ಪೋ ಬಯಲಿನ ಮಂಜು ಏರಿ ಬಂದು, ಸುರಂಗದ ಇಟಲಿ ಬಾಯಿಯನ್ನು ಮುಚ್ಚಿಬಿಡುತ್ತದೆ, ಫ್ರಾನ್ಸ್ ಕಡೆ ಅದೇ ಹೊತ್ತಿಗೆ ಬಿಸಿಲು ಇರುತ್ತದೆ.